ಒಂಬತ್ತು ಗಂಟೆಯ ನೆಲ

ಅವರಿಗೆ ನನ್ನಿಂದ ಬೇಕಾಗಿದ್ದದ್ದು ಒಂದು ತಾರೀಖು, ಅಷ್ಟೇ.

ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯ ಅಂಗಳದಲ್ಲಿ ಹಳೆಯ ಮಳೆಮರವೊಂದಿದೆ. ಗುಂಡ್ಲುಪೇಟೆಯಲ್ಲಿ ಹೂವಿನ ವ್ಯಾಪಾರ ನಡೆಯುವ ಬಯಲಿನ ಅಂಚಿಗೆ ಅಂಥದ್ದೇ ಇನ್ನೊಂದು ಇತ್ತು. ಎರಡರಲ್ಲೂ ಗೋವಕ್ಕಿ, ಕೊಳಬಕ, ಇರುಳು ಬಕಗಳು ಗೂಡು ಕಟ್ಟುತ್ತಿದ್ದವು. ಗೂಡಿಲ್ಲದ ತಿಂಗಳುಗಳಲ್ಲಿ ಬಂದು ತಂಗುತ್ತಿದ್ದವು. ಊರಿನವರು ಎಲ್ಲವನ್ನೂ ಸೇರಿಸಿ ಕೊಕ್ಕರೆ ಎನ್ನುತ್ತಾರೆ. ಅದರಿಂದ ಹಕ್ಕಿಗಳಿಗೇನೂ ಬೇಜಾರಿರಲಿಲ್ಲ, ಬೇಜಾರಿದ್ದದ್ದು ಕೆಳಗೆ ನಿಲ್ಲುವವರಿಗೆ. ಹಿಕ್ಕೆ ಬಿದ್ದು ನೆಲವೆಲ್ಲ ಬೆಳ್ಳಗಾಗುತ್ತಿತ್ತು. ಬಿಸಿಲಿಗೆ ನಾರುತ್ತಿತ್ತು, ಮಳೆಗೆ ಜಾರುತ್ತಿತ್ತು. ಪಿಂಚಣಿ ಕಾಗದಕ್ಕೆಂದು ಹರವೆಯಿಂದ ಬಂದಿದ್ದ ಅಜ್ಜಿಯೊಬ್ಬರು ಚಾಮರಾಜನಗರದ ಮರದಡಿ ಜಾರಿ ಬಿದ್ದು ಕೈ ಮುರಿದುಕೊಂಡ ಮೇಲೆ, ಕೊಂಬೆ ಕಡಿಸಲೇಬೇಕೆಂದು ಕಚೇರಿ ತೀರ್ಮಾನಿಸಿತು. ಗುಂಡ್ಲುಪೇಟೆಯವರೂ ಅದೇ ಹೊತ್ತಿಗೆ ಅರ್ಜಿ ಹಾಕಿದರು. ಅನುಮತಿ ಕೊಡುವವರು ಒಂದು ಷರತ್ತು ಹಾಕಿದರು: ಗೂಡುಗಳಲ್ಲಿ ಮೊಟ್ಟೆ, ಮರಿ ಇಲ್ಲದ ವಾರ ಯಾವುದೆಂದು ಬಲ್ಲವರಿಂದ ಬರೆಸಿಕೊಂಡು ಬನ್ನಿ. ಬಲ್ಲವರು ಎಂದರೆ ನಾನು.

ಮರವನ್ನು ಅಪ್ಪಿಕೊಂಡು ನಿಲ್ಲುವವಳು ನಾನಲ್ಲ. ಊರೊಳಗಿನ ಹಕ್ಕಿಗಳನ್ನು ಎಣಿಸುವುದು, ಎಣಿಸಿದ್ದನ್ನು ಕಂಪ್ಯೂಟರಿಗೆ ಉಣಿಸಿ ಮುಂದೇನಾಗಬಹುದೆಂದು ಅಂದಾಜು ಮಾಡುವುದು ನನ್ನ ಕೆಲಸ. ಅಜ್ಜಿಯ ಕೈಯೂ ಉಳಿಯಬೇಕು, ಹಕ್ಕಿಯ ಮರಿಯೂ ಉಳಿಯಬೇಕು, ಸರಿಯಾದ ವಾರ ಹಿಡಿದರೆ ಎರಡೂ ಆಗುತ್ತದೆ ಎಂದು ನನಗೆ ನಿಜವಾಗಿಯೂ ಅನ್ನಿಸಿತ್ತು. ಒಪ್ಪಿಕೊಂಡೆ.

ಮಳೆಮರದ ಗೂಡು ಎಣಿಸುವುದು ಹೇಳಿದಷ್ಟು ಸುಲಭವಲ್ಲ. ಎಲೆ ದಟ್ಟ, ಕೊಂಬೆ ಅಗಲ. ಕೆಳಗಿನಿಂದ ಬೈನಾಕ್ಯುಲರ್ ಹಿಡಿದರೆ ಕಾಣುವುದು ಕಡ್ಡಿಗಳ ತಳ ಮಾತ್ರ. ಗೂಡು ಹಳೆಯದೋ ಹೊಸದೋ, ಒಳಗೆ ಮೊಟ್ಟೆಯಿದೆಯೋ ಇಲ್ಲವೋ ತಿಳಿಯುವುದಿಲ್ಲ. ದೊಡ್ಡ ಹಕ್ಕಿಗಳು ವರ್ಷವಿಡೀ ತಂಗುವುದರಿಂದ ಅವು ಕೂತಿವೆ ಎನ್ನುವುದೂ ಯಾವ ಸಾಕ್ಷಿಯೂ ಅಲ್ಲ. ಹಾಗಾಗಿ ನಾವು ನೆಲ ನೋಡುತ್ತೇವೆ. ಮರಿ ಹೊರಬಂದ ಮೇಲೆ ತಾಯಿ ಹಕ್ಕಿ ಚಿಪ್ಪನ್ನು ಕೆಳಗೆ ಎಸೆಯುತ್ತದೆ. ಕಾಗೆ ಕದ್ದು ತಿಂದ ಮೊಟ್ಟೆಯ ಚಿಪ್ಪು ಬೀಳುತ್ತದೆ, ಕೆಲವೊಮ್ಮೆ ಮರಿಯೇ ಬೀಳುತ್ತದೆ. ಮರದ ಸುತ್ತ ಸುಣ್ಣದಲ್ಲಿ ನಾಲ್ಕು ಭಾಗ ಗುರುತಿಸಿ, ವಾರಕ್ಕೆ ಮೂರು ದಿನ ಅಲ್ಲಿ ಬಿದ್ದದ್ದನ್ನೆಲ್ಲ ಪಟ್ಟಿ ಮಾಡುವುದು ನಮ್ಮ ಕ್ರಮ. ಈ ಕೆಲಸಕ್ಕೆ ನನ್ನ ಜೊತೆಯಿದ್ದವಳು ನನ್ನ ಸಂಶೋಧನಾ ವಿದ್ಯಾರ್ಥಿನಿ. ಅಚ್ಚುಕಟ್ಟಿನ ಹುಡುಗಿ, ಅವಳ ಪಟ್ಟಿಯಲ್ಲಿ ಒಂದು ಮನೆ ಖಾಲಿ ಬಿಟ್ಟದ್ದನ್ನು ನಾನು ಕಂಡಿಲ್ಲ.

ಜೂನ್, ಜುಲೈ ತಿಂಗಳಲ್ಲಿ ಎರಡೂ ಕಡೆ ಚಿಪ್ಪು ಧಾರಾಳವಾಗಿ ಸಿಕ್ಕಿತು. ಆಗಸ್ಟಿನಲ್ಲಿ ಇಳಿಯಿತು. ಸೆಪ್ಟೆಂಬರಿನಲ್ಲಿ ಸೊನ್ನೆ. ಮರಿಗಳೆಲ್ಲ ಹಾರಿದವು, ಕಾಲ ಮುಗಿಯಿತು ಎಂದು ನೆಲ ಹೇಳುತ್ತಿತ್ತು.

ಅಂದಾಜಿಗೆಂದು ನಾನು ಕಂಪ್ಯೂಟರಿನಲ್ಲಿ ಕಟ್ಟಿದ್ದ ಮಾಡೆಲ್ ಮಾತ್ರ ಬೇರೆ ಮಾತು ಹೇಳಿತು. ಅದಕ್ಕೆ ನಾನು ಕೊಟ್ಟಿದ್ದದ್ದು ಮಳೆ, ಸುತ್ತಲಿನ ಕೆರೆಗಳ ನೀರು, ಬೆಳೆ, ಮರದಿಂದ ಮೇವಿನ ಜಾಗಕ್ಕಿರುವ ದೂರ. ಈ ಸೀಮೆಗೆ ಮುಂಗಾರಿಗಿಂತ ಹಿಂಗಾರಿನ ಮಳೆ ಜೋರು. ಅಕ್ಟೋಬರಿನಲ್ಲಿ ಕೆರೆಗೆ ನೀರು ಬರುತ್ತದೆ, ಕಪ್ಪೆ ಬರುತ್ತದೆ, ಮಿಡತೆ ಬರುತ್ತದೆ. ಅದನ್ನೆಲ್ಲ ಕೂಡಿಸಿ ಕಳೆದು, ಸೆಪ್ಟೆಂಬರ್ ಕೊನೆಗೆ ಹಕ್ಕಿಗಳು ಎರಡನೆಯ ಸಲ ಮೊಟ್ಟೆಯಿಡಬೇಕು ಎಂದು ಮಾಡೆಲ್ ತೋರಿಸಿತು. ಪರದೆಯ ಮೇಲೆ ಗೆರೆ ಅಕ್ಟೋಬರಿನಲ್ಲಿ ಏರಿ ನಿಂತಿತ್ತು.

ನಮ್ಮ ಕಸುಬಿನಲ್ಲಿ ಒಂದು ಶಿಸ್ತಿದೆ. ಲೆಕ್ಕಾಚಾರ ಒಂದು ಹೇಳಿ ನೆಲ ಇನ್ನೊಂದು ಹೇಳಿದರೆ ನೆಲವನ್ನು ನಂಬಬೇಕು. ಕೋಣೆಯಲ್ಲಿ ಕೂತು ಗೆರೆ ಎಳೆಯುವವರನ್ನು ನಾನೇ ಎಷ್ಟು ಸಲ ಗೇಲಿ ಮಾಡಿಲ್ಲ! ಮಳೆಗೆ ಕೊಟ್ಟಿದ್ದ ತೂಕ ಹೆಚ್ಚಾಯಿತು ಎಂದುಕೊಂಡು ಇಳಿಸಿದೆ. ಗೆರೆ ಸ್ವಲ್ಪ ತಗ್ಗಿತು. ಮತ್ತೆ ಇಳಿಸಿದೆ. ಮೂರನೆಯ ಸಲಕ್ಕೆ ಅಕ್ಟೋಬರ್ ಚಪ್ಪಟೆಯಾಗಿ ಮಲಗಿತು. ಪಟ್ಟಿಗೂ ಮಾಡೆಲ್ಲಿಗೂ ತಾಳೆಯಾಯಿತು. ಅಕ್ಟೋಬರಿನ ಮೂರನೆಯ ವಾರದಿಂದ ಕೊಂಬೆ ಕಡಿಯಬಹುದು ಎಂದು ವರದಿ ಬರೆದು ಸಹಿ ಹಾಕಿದೆ.

ಮೊದಲ ಸರದಿ ಗುಂಡ್ಲುಪೇಟೆಯದು, ಮಂಗಳವಾರ. ಚಾಮರಾಜನಗರದ್ದು ಮುಂದಿನ ಸೋಮವಾರ. ಎರಡಕ್ಕೂ ಕಡಿಯುವ ತಂಡ ಒಂದೇ, ಉಮ್ಮತ್ತೂರಿನ ಕಡೆಯವರು. ಅವರ ಮೇಸ್ತ್ರಿ ಐವತ್ತು ದಾಟಿದ ಮನುಷ್ಯ. ಮರಕ್ಕೆ ಹಗ್ಗ ಎಸೆಯುವ ಮುಂಚೆ ಕೈ ಮುಗಿದು, ಆಮೇಲೆ ಬೀಡಿ ಹಚ್ಚುವುದು ಅವರ ಪದ್ಧತಿ. ನಾನು ಹೋಗಲೇಬೇಕೆಂದೇನೂ ಇರಲಿಲ್ಲ. ಖಾಲಿ ಗೂಡುಗಳ ಅಳತೆ ತೆಗೆದುಕೊಳ್ಳಲು ಒಳ್ಳೆಯ ಅವಕಾಶವೆಂದು ಟೇಪು ಹಿಡಿದುಕೊಂಡು ಹೋದೆ. ಅಷ್ಟು ಧೈರ್ಯ ನನಗೆ.

ಮೊದಲ ಕೊಂಬೆಗೆ ಹಗ್ಗ ಬಿಗಿದು, ಗರಗಸದ ಮೆಷಿನ್ ಹಚ್ಚಿ, ಮೆಲ್ಲಗೆ ಇಳಿಸಿದರು. ನೆಲಕ್ಕೆ ತಾಗಿದಾಗ ಎಲೆಯ ನಡುವಿನಿಂದ ಏನೋ ಉರುಳಿತು. ಹಸಿರು ಚರ್ಮ, ಮುಳ್ಳಿನಂಥ ಬಿಳಿ ರೋಮ, ದೊಡ್ಡ ಕೊಕ್ಕು. ವಾರದ ಮರಿ. ಬಾಯಿ ತೆರೆದು ಮುಚ್ಚುತ್ತಿತ್ತು, ಮೆಷಿನ್ನಿನ ಸದ್ದಿಗೆ ಅದರ ದನಿ ನನಗೆ ಕೇಳಿಸಲಿಲ್ಲ. ಒಂದು ತಡವಾದ ಗೂಡು ಇರಬಹುದು ಎಂದುಕೊಂಡೆ. ಹಾಗೆ ಅಂದುಕೊಂಡ ಆ ಅರ್ಧ ನಿಮಿಷಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅಷ್ಟರಲ್ಲಿ ಎರಡನೆಯ ಕೊಂಬೆ ಕಳಚಿಕೊಂಡಿತ್ತು. ಅದರಲ್ಲಿ ಗೂಡುಗಳು ಒತ್ತೊತ್ತಾಗಿದ್ದವು.

"ನಿಲ್ಲಿಸಿ!" ಎಂದು ಕೂಗಿದೆ.

ಮೇಸ್ತ್ರಿ ಕೈ ಎತ್ತಿದರು, ಮೆಷಿನ್ ನಿಂತಿತು. ಆಗ ಕೇಳಿಸಿತು. ಮರದ ತುಂಬ ಕಟಕಟ ಎನ್ನುವ ಸದ್ದು, ಮರಿಗಳದ್ದು.

"ಕಡೀಬ್ಯಾಡಿ ಅಂದ್ರ ಬುಡ್ತೀವಿ ಮೇಡಂ, ನಮ್ಗೇನು?" ಮೇಸ್ತ್ರಿ ಬಳಿಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು. "ಆದ್ರ ಗೂಡೆಲ್ಲ ಖಾಲಿ ಅವ, ಕಡೀರಿ ಅಂತ ಬರ್ಕೊಟ್ಟವ್ರೂ ನೀವೇ ಕಣ."

ನಾನು ಬಿದ್ದ ಕೊಂಬೆಗಳ ಕಡೆ ಓಡಿದೆ. ಹೂವಿನ ವ್ಯಾಪಾರಿಗಳು ಚೆಂಡುಹೂ ತುಂಬುವ ಪ್ಲಾಸ್ಟಿಕ್ ಕ್ರೇಟುಗಳನ್ನು ಕೊಟ್ಟರು. ಬದುಕಿದ್ದ ಮರಿಗಳನ್ನು ಆರಿಸಿ ಅದರಲ್ಲಿಟ್ಟೆವು. ಸತ್ತವು ಮೂವತ್ತೊಂದು. ಬದುಕಿದ್ದವನ್ನು ನೋಡಿಕೊಳ್ಳುವವರ ಕೈಗೆ ಒಪ್ಪಿಸಿದೆವು, ಅವುಗಳಲ್ಲೂ ಬಹಳ ಉಳಿಯಲಿಲ್ಲವೆಂದು ಆಮೇಲೆ ತಿಳಿಯಿತು. ಒಂದು ಪಕ್ಕ ಬೋಳಾಗಿ ನಿಂತ ಆ ಮರವನ್ನು ಪಕ್ಕದ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ತಿರುಗಿ ನೋಡುತ್ತಿದ್ದರು.

ಚೆಲ್ಲಿದ್ದ ಗೂಡಿನ ಕಡ್ಡಿಗಳನ್ನು ಗುಡಿಸಲು ಪುರಸಭೆಯ ಪೌರಕಾರ್ಮಿಕರೊಬ್ಬರು ಬಂದರು. ನಾನು ಟೇಪು ಕೈಯಲ್ಲಿ ಹಿಡಿದು ನಿಂತಿದ್ದೆ. ಯಾರಿಗೂ ಅಲ್ಲದಂತೆ, "ಒಂದು ಚಿಪ್ಪೂ ಬಿದ್ದಿರಲಿಲ್ಲ, ಒಂದೂ," ಎಂದೆ.

ಅವರು ಪೊರಕೆ ನಿಲ್ಲಿಸಿ ನನ್ನನ್ನು ನೋಡಿದರು. "ಯಾಕ್ ಬಿದ್ದಿಲ್ಲ? ದಿನಾ ಬೀಳ್ತದ. ಹೂವಿನ್ ಗಾಡಿ ಬರಕ್ ಮುಂಚ ಗುಡ್ಸಿ ಎತ್ತಾಕ್ಬುಡ್ತೀವಲ್ಲ."

"ಎಷ್ಟು ಹೊತ್ತಿಗೆ?"

"ಆರ್ ಗಂಟ್ಗೆಲ್ಲ ನೆಲ ಕ್ಲೀನು."

ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ನಮ್ಮ ಪಟ್ಟಿಯಲ್ಲಿ ಸಮಯಕ್ಕೊಂದು ಕಾಲಂ ಇದೆ. ನನ್ನ ವಿದ್ಯಾರ್ಥಿನಿ ಅದನ್ನು ಒಂದು ದಿನವೂ ತಪ್ಪದೆ ತುಂಬಿದ್ದಳು. ನಾನು ಅದನ್ನು ಒಂದು ದಿನವೂ ನೋಡಿರಲಿಲ್ಲ. ಜೂನ್, ಜುಲೈನಲ್ಲಿ ಅವಳು ಚಾಮರಾಜನಗರದಲ್ಲೇ ಕೋಣೆ ಮಾಡಿಕೊಂಡಿದ್ದಳು. ಆಗಿನ ಸಮಯ ಐದೂವರೆ, ಐದೂ ಮುಕ್ಕಾಲು. ಗುಂಡ್ಲುಪೇಟೆಗೆ ಹಿಂದಿನ ದಿನವೇ ಬಂದು ಉಳಿದು ಅಲ್ಲಿಯೂ ಅಷ್ಟು ಹೊತ್ತಿಗೇ ನೋಡುತ್ತಿದ್ದಳು. ಆಗಸ್ಟಿನಲ್ಲಿ ತರಗತಿ ಶುರುವಾದ ಮೇಲೆ ಕೋಣೆ ಬಿಟ್ಟು ಮೈಸೂರಿನಿಂದ ಓಡಾಡತೊಡಗಿದಳು. ಚಾಮರಾಜನಗರಕ್ಕೆ ರೈಲು, ಗುಂಡ್ಲುಪೇಟೆಗೆ ಬಸ್ಸು. ಅಲ್ಲಿಂದಾಚೆಗೆ ಸಮಯ ಒಂಬತ್ತು, ಒಂಬತ್ತೂಕಾಲು. ಓಡಾಟಕ್ಕೆ ಒಪ್ಪಿಗೆ ಕೊಟ್ಟವಳು ನಾನೇ. ಚಿಪ್ಪು ಇಳಿದದ್ದು ಅದೇ ವಾರದಿಂದ.

ಹಕ್ಕಿಗಳ ಕಾಲ ಮುಗಿದಿತ್ತೋ ಇಲ್ಲವೋ ಅದರಿಂದ ತಿಳಿಯುವಂತಿರಲಿಲ್ಲ. ನಮ್ಮ ರೈಲಿನ ಕಾಲ ಮಾತ್ರ ಸೊಗಸಾಗಿ ದಾಖಲಾಗಿತ್ತು. ನೆಲವನ್ನು ನಂಬಬೇಕೆಂದು ಮಾಡೆಲ್ಲಿನ ಬಾಯಿ ಮುಚ್ಚಿಸಿದ್ದೆನಲ್ಲ, ಆ ನೆಲ ಗುಡಿಸಿ ನೀರು ಹಾಕಿದ ನೆಲವಾಗಿತ್ತು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು, ಏಕೆಂದರೆ ಸೋಮವಾರಕ್ಕೆ ಮುಂಚೆ ಇನ್ನು ಐದೇ ದಿನ ಇತ್ತು. ಚಾಮರಾಜನಗರದ ಮರ ಇದರ ಎರಡರಷ್ಟು ದೊಡ್ಡದು, ಅದನ್ನು ಕಡಿಯುವ ಅನುಮತಿಗೆ ಅಂಟಿದ್ದದ್ದೂ ನನ್ನದೇ ಸಹಿ.

ಗುಂಡ್ಲುಪೇಟೆಯಲ್ಲಿ ಹೀಗಾಯಿತು, ಅಲ್ಲಿಯೂ ನಿಲ್ಲಿಸಿ ಎಂದು ಚಾಮರಾಜನಗರದ ಕಚೇರಿಗೆ ಕೂಡಲೇ ಫೋನ್ ಮಾಡಿದೆ. ಕಚೇರಿಯ ಮುಖ್ಯಸ್ಥರು ಪ್ರವಾಸದಲ್ಲಿದ್ದರು, ಶನಿವಾರ ಸಿಗುತ್ತಾರೆಂದು ತಿಳಿಯಿತು. ಅವರ ಪರವಾಗಿ ಮಾತಾಡಿದವರು, "ಅದು ಆ ಮರ ಮೇಡಂ, ಇದು ಈ ಮರ. ಇಲ್ಲಿ ಮರಿ ಇದೆ ಅನ್ನೋದಕ್ಕೆ ನಿಮ್ಮ ಹತ್ತಿರ ಏನಿದೆ?" ಎಂದರು. ಕೇಳುವ ಹಕ್ಕು ಅವರಿಗಿತ್ತು. ನನ್ನ ಪಟ್ಟಿಯ ಪ್ರಕಾರ ಅಲ್ಲಿಯೂ ಸೊನ್ನೆಯೇ.

ಬುಧವಾರ ಬೆಳಿಗ್ಗೆ ಐದೂ ಕಾಲಿಗೆ ನಾನು ಆ ಕಚೇರಿಯ ಗೇಟಿನಲ್ಲಿದ್ದೆ. ಅಂಗಳ ಗುಡಿಸುತ್ತಿದ್ದವರು ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಸೀರೆಯ ಮೇಲೆ ಗಂಡಸರ ಅಂಗಿ, ತಲೆಗೆ ಟವಲು, ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡಿದ್ದರು. ಗುತ್ತಿಗೆಯ ಕೆಲಸ. ನಾನು ಅವರನ್ನು ಅಕ್ಕ ಎಂದೆ, ಕೊನೆಯವರೆಗೂ ಹಾಗೇ ಕರೆದೆ. ನಾಲ್ಕು ತಿಂಗಳು ಈ ಅಂಗಳಕ್ಕೆ ನಮ್ಮವರು ಬಂದುಹೋಗಿದ್ದರೂ ಅವರ ಜೊತೆ ಯಾರೂ ಮಾತಾಡಿರಲಿಲ್ಲ. ಅವರು ಮಾತ್ರ ನಮ್ಮನ್ನು ಚೆನ್ನಾಗಿ ನೋಡಿಕೊಂಡಿದ್ದರು.

"ಒಂಬತ್ ಗಂಟ್ಗ ಒಂದ್ ಹೆಣ್ಮಗ ಬಂದು ಪಟ್ಟಿ ಹಿಡ್ಕಂಡು ನೆಲ ನೋಡದು ಕಂಡಿವ್ನಿ," ಎಂದರು. "ಏನೋ ಕಳ್ಕಂಡದ ಪಾಪ ಅನ್ಕಂಡಿದ್ದಿ."

"ಚಿಪ್ಪು ಹುಡುಕುತ್ತಿದ್ದಳು ಅಕ್ಕಾ."

"ಅಯ್ಯೋ, ಕೇಳಿದ್ರ ಎತ್ತಿಟ್ಟಿರ್ತಿದ್ದಿ ಕಣವ್ವ! ಬುಟ್ಟಿಗಟ್ಲ ಬುಸಾಕಿವ್ನಿ."

ಅಂದಿನ ಬುಟ್ಟಿಯನ್ನು ಅವರು ನನ್ನ ಮುಂದೆ ಒಂದು ಗೋಣಿತಾಟಿನ ಮೇಲೆ ಸುರಿದರು. ಎಲೆ, ಹಿಕ್ಕೆ, ಗುಟ್ಕಾ ಚೀಟಿ, ಅವುಗಳ ನಡುವೆ ತಿಳಿ ನೀಲಿ ಚಿಪ್ಪುಗಳು. ನಾನು ಕೈಗವಸು ಹಾಕಿಕೊಂಡು ಆರಿಸತೊಡಗಿದೆ. ಮರಿ ತಾನಾಗಿ ಒಡೆದುಕೊಂಡು ಬಂದ ಚಿಪ್ಪಿಗೂ ಕಾಗೆ ಕುಕ್ಕಿ ತಿಂದ ಚಿಪ್ಪಿಗೂ ವ್ಯತ್ಯಾಸವಿದೆ. ಅದನ್ನು ಭೂತಗನ್ನಡಿಯಲ್ಲಿ ನೋಡಿ, ಅಂಚು ಅಳೆದು ಬರೆಯುವುದನ್ನು ನಾನು ವರ್ಷಗಟ್ಟಲೆ ಕಲಿತಿದ್ದೇನೆ. ಅಕ್ಕ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನನ್ನ ನಿಧಾನವನ್ನು ಸ್ವಲ್ಪ ಹೊತ್ತು ಸಹಿಸಿದರು.

"ಅಷ್ಟೊತ್ತು ಯಾಕ? ಇದು ಮರಿ ಆಗಿರ ಚಿಪ್ಪು, ದಪ್ಪನ್ ತುದಿ ಸುತ್ತ ಕುಯ್ದಂಗದ, ಒಳ್ಗ ಒಣ್ಕಂಡದ. ಇದು ಕಾಗ ತಿಂದಿರ ಚಿಪ್ಪು, ಲೋಳ ಅಂಟ್ಕಂಡದ. ಆ ಕಡ ಹಾಕಿ. ಇದು ಮರಿದು, ಇದೂ ಮರಿದು."

ಒಂದೂ ತಪ್ಪಿರಲಿಲ್ಲ. ಜಾರುತ್ತದೋ ಇಲ್ಲವೋ ಎಂದು ನೋಡಿಕೊಂಡು ಗುಡಿಸಬೇಕಾದ್ದರಿಂದ ಲೋಳೆಯಿದ್ದದ್ದಕ್ಕೆ ಅವರು ಮೊದಲು ಮಣ್ಣು ಹಾಕುತ್ತಿದ್ದರಂತೆ. ಹೀಗೆ ಬೀಳುವುದು ಗೌರಿ ಹಬ್ಬಕ್ಕೆ ಕಡಿಮೆಯಾಗಿತ್ತು, ನಿಂತಿರಲಿಲ್ಲ, ದಸರಾ ಹೊತ್ತಿಗೆ ಮತ್ತೆ ಜೋರಾಯಿತು ಎಂದೂ ಹೇಳಿದರು. ನನ್ನ ಮಾಡೆಲ್ ಮೊದಲ ಸಲ ಎಳೆದು ತೋರಿಸಿದ್ದ ಗೆರೆಯೂ ಅದನ್ನೇ ಹೇಳಿತ್ತು.

ಒಂದು ದಿನದ ಬುಟ್ಟಿ ಸಾಲದು. ಬುಧವಾರದಿಂದ ಶನಿವಾರದವರೆಗೆ ನಾಲ್ಕು ಬೆಳಿಗ್ಗೆ ಬೇಕು, ಅದರಲ್ಲೂ ನಾಲ್ಕು ಭಾಗದ ಕಸ ಬೇರೆ ಬೇರೆ ಬೇಕು, ಬೆರೆಸಬಾರದು ಎಂದೆ. ಹೇಳಿದ ಮೇಲೆ ಅದರ ಅರ್ಥ ನನಗೆ ಹೊಳೆಯಿತು. ಅವರು ನಾಲ್ಕು ಸಲ ಬುಟ್ಟಿ ತುಂಬಿಸಿ ನಾಲ್ಕು ಸಲ ಸುರಿಯಬೇಕು. ಸಾಹೇಬರು ಬರುವ ಹೊತ್ತಿಗೆ ತೊಳೆದ ಅಂಗಳ ಒಣಗಿರದಿದ್ದರೆ ಬೈಸಿಕೊಳ್ಳುವವರೂ ಅವರೇ.

"ಮಾಡ್ತೀನಿ ಬುಡಿ," ಎಂದರು. ಖಾಲಿ ಬುಟ್ಟಿ ಎತ್ತಿಕೊಳ್ಳುತ್ತ, "ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಈ ಕೊಂಬ ಕಡುದ್ರ ಮೊದ್ಲು ವಾಸಿ ಆಗೋದೇ ನಂಗ. ಈ ಹಿಕ್ಕ ಉಜ್ಜಿ ಉಜ್ಜಿ ಮಂಡಿ ಓಗ್ಬುಟ್ಟದ. ಸೋಮ್ವಾರ ಕಡೀತರ ಅಂತ ಗೊತ್ತಾದಾಗ ದೇವ್ರಿಗ ಕೈ ಮುಗ್ದಿದ್ದಿ."

"ಮತ್ತೆ ಯಾಕೆ ತೋರಿಸಿದಿರಿ?"

"ನೀವ್ ಕೇಳುದ್ರಿ. ಇದ್ದದ್ ಹೇಳ್ದಿ."

ಆ ನಾಲ್ಕು ದಿನ ನಾನು ಅವರ ಜೊತೆ ಕೂತೆ. ಗುರುವಾರ ಜೋರು ಮಳೆ ಬಂದು ಎರಡು ಭಾಗದ ಕಸ ಚರಂಡಿಗೆ ಹೋಯಿತು, ಆ ದಿನದ ಎಣಿಕೆ ಅರ್ಧಕ್ಕೇ ನಿಂತಿತು. ಶುಕ್ರವಾರ ಗುತ್ತಿಗೆಯ ಮೇಲ್ವಿಚಾರಕ ಗೋಣಿತಾಟು ಕಂಡು, "ಏನಮ್ಮೀ ಇದು ಅಂಗಡಿ?" ಎಂದು ಅವರಿಗೆ ಗದರಿದ. ನಾನೇ ಮಾಡಿಸುತ್ತಿರುವುದು ಎಂದು ಮುಂದೆ ಹೋದೆ. ನನ್ನ ಎದುರಿಗೆ ಅವನು ಸುಮ್ಮನಾದ. ನಾನು ಇಲ್ಲದಾಗ ಏನು ಹೇಳಿದನೋ ಅಕ್ಕ ಹೇಳಲಿಲ್ಲ. ಶನಿವಾರ ಬೆಳಿಗ್ಗೆ ಹೊಸ ಚಿಪ್ಪಿನ ಎಣಿಕೆ ಮುಗಿಸಿದಾಗ ಅನುಮಾನಕ್ಕೆ ಜಾಗವಿರಲಿಲ್ಲ. ನಾಲ್ಕೂ ಭಾಗದಲ್ಲಿ ದಿನವೂ ಮರಿಗಳು ಹೊರಬರುತ್ತಿದ್ದವು. ಸೋಮವಾರ ಮೆಷಿನ್ ಹಚ್ಚಿದರೆ ಗುಂಡ್ಲುಪೇಟೆಯದು ಇದರ ಮುಂದೆ ಏನೂ ಅಲ್ಲ.

ಇನ್ನು ಉಳಿದದ್ದು ಬರೆಯುವುದು. ಹಿರಿಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಒಳ್ಳೆಯವರು, ನನ್ನ ಒಳ್ಳೆಯದಕ್ಕೇ ಹೇಳಿದರು: "ಹೊಸ ಮಾಹಿತಿಯ ಬೆಳಕಿನಲ್ಲಿ ವರದಿಯನ್ನು ಪರಿಷ್ಕರಿಸಲಾಗಿದೆ ಅಂತ ಬರಿ. ತಪ್ಪು ಅನ್ನೋ ಪದ ಎಲ್ಲೂ ಬರಬಾರದು. ಈ ಮಾಡೆಲ್ ಇಟ್ಟುಕೊಂಡು ಇನ್ನಷ್ಟು ಊರಿನ ಕೆಲಸ ಕೇಳಿದ್ದೀಯಲ್ಲ, ಅದು ನೆನಪಿರಲಿ." ನೆನಪಿತ್ತು. ಆ ವಾಕ್ಯವನ್ನು ಟೈಪ್ ಕೂಡ ಮಾಡಿದೆ. ಓದಿ ನೋಡಿದರೆ, ಹೊಸ ಮಾಹಿತಿ ಎಲ್ಲಿಂದಲೋ ತಾನಾಗಿ ಬಂದು ಬಿದ್ದಂತಿತ್ತು. ಮಾಹಿತಿ ಹೊಸದಲ್ಲ, ದಿನವೂ ಬೆಳಿಗ್ಗೆ ಅಲ್ಲೇ ಬಿದ್ದಿರುತ್ತಿತ್ತು. ಅಲ್ಲದೆ ಪರಿಷ್ಕರಿಸಿದ ವರದಿಯನ್ನು ಪರಿಶೀಲಿಸಲು ಸಮಯ ಬೇಕೆಂದು ಯಾರಾದರೂ ಹೇಳಬಹುದು. ಹಾಗೆ ಪರಿಶೀಲಿಸುವಷ್ಟರಲ್ಲಿ ಸೋಮವಾರ ಬಂದೇ ಬರುತ್ತದೆ. ಹಿಂದಕ್ಕೆ ತೆಗೆದುಕೊಂಡ ವರದಿಯ ಮೇಲೆ ಮಾತ್ರ ಯಾರೂ ಮರ ಕಡಿಸುವಂತಿಲ್ಲ.

ಹೊಸದಾಗಿ ಬರೆದೆ. ನನ್ನ ಸಮೀಕ್ಷೆ ನೆಲ ಗುಡಿಸಿದ ಮೇಲೆ ನಡೆದದ್ದು, ಆದ್ದರಿಂದ ತಪ್ಪು. ಆ ತಪ್ಪಿಗೆ ಹೊಂದುವಂತೆ ಮಾಡೆಲ್ಲನ್ನು ತಿದ್ದಿದ್ದು ಅದಕ್ಕಿಂತ ದೊಡ್ಡ ತಪ್ಪು. ಗುಂಡ್ಲುಪೇಟೆಯಲ್ಲಿ ಮರಿಗಳು ಸತ್ತದ್ದಕ್ಕೆ ನಾನು ಕೊಟ್ಟ ತಾರೀಖೇ ಕಾರಣ. ವರದಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಜನವರಿಯವರೆಗೆ ಕೊಂಬೆ ಕಡಿಯಬಾರದು. ಅಲ್ಲಿಯವರೆಗೆ ಜನ ನಿಲ್ಲುವ ಸಾಲನ್ನು ಕಟ್ಟಡದ ಇನ್ನೊಂದು ಬದಿಗೆ ಹಾಕಬೇಕು, ಅಂಗಳ ಗುಡಿಸಲು ಇನ್ನೊಬ್ಬರನ್ನು ಕೊಡಬೇಕು. ಇಷ್ಟನ್ನು ಒಂದು ಪುಟದಲ್ಲಿ ಬರೆದು ಸಹಿ ಹಾಕಿ, ಅನುಮತಿ ಕೊಟ್ಟವರಿಗೆ ಒಂದು ಪ್ರತಿ ಕಳಿಸಿ, ಇನ್ನೊಂದನ್ನು ಹಿಡಿದು ಮುಖ್ಯಸ್ಥರ ಕೋಣೆಗೆ ಹೋದೆ.

ಅವರು ಎರಡು ಸಲ ಓದಿದರು. ಕೂಗಾಡಲಿಲ್ಲ.

"ನೋಡಿ ಮೇಡಂ, ಆ ಅಜ್ಜಿ ಬಿದ್ದಾಗ ಎತ್ತಿಕೊಂಡು ಆಸ್ಪತ್ರೆಗೆ ಹೋದವನು ನಾನು. ನಾಳೆ ಇನ್ನೊಬ್ಬರು ಬಿದ್ದರೆ ನಿಮ್ಮ ಈ ಕಾಗದ ತೋರಿಸಲಾ?"

"ತೋರಿಸಿ. ಅದಕ್ಕೇ ಸಹಿ ಹಾಕಿದ್ದೇನೆ."

"ಮೊದಲನೇದಕ್ಕೂ ಸಹಿ ಹಾಕಿದ್ದಿರಿ."

ಹೌದು ಎಂದೆ. ಚೀಲದಲ್ಲಿದ್ದ ಡಬ್ಬಿ ತೆರೆದು ಆ ಬೆಳಗಿನ ಚಿಪ್ಪುಗಳನ್ನು ಮೇಜಿನ ಮೇಲಿಟ್ಟೆ. ಒಣಗಿದ್ದು ಒಂದು ಕಡೆ, ಲೋಳೆಯದು ಒಂದು ಕಡೆ, ಅಕ್ಕ ಹೇಳಿದಂತೆಯೇ. ಪ್ರತಿಯೊಂದು ಒಣ ಚಿಪ್ಪಿಗೂ ಮರದ ಮೇಲೆ ಒಂದೊಂದು ಮರಿಯಿದೆ ಎಂದೆ. ಅವರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಫೋನ್ ಎತ್ತಿ ಮೇಸ್ತ್ರಿಗೆ ಸೋಮವಾರ ಬರಬೇಡಿ ಎಂದರು.

ಸೋಮವಾರ ಆದೇಶ ಹೊರಬಿತ್ತು. ಕಡಿತಲೆ ಜನವರಿಗೆ ಮುಂದಕ್ಕೆ. ಜನರ ಸಾಲು ಹಿಂಬದಿಯ ಜಗಲಿಗೆ. ಮರದ ಕೆಳಗೆ ದಿನಕ್ಕೆ ಎರಡು ಬಾರಿ ಗುಡಿಸತಕ್ಕದ್ದು, ಈಗಿರುವ ಸಿಬ್ಬಂದಿಯಿಂದಲೇ. ಇನ್ನೊಬ್ಬರನ್ನು ಕೊಡಿ ಎಂದು ನಾನು ಬರೆದಿದ್ದ ಸಾಲು ಎಲ್ಲಿಯೋ ಕಳೆದುಹೋಗಿತ್ತು. ಕೇಳಿದ್ದಕ್ಕೆ, ಅದಕ್ಕೆ ಅವಕಾಶವಿಲ್ಲ ಎಂದರು. ಎರಡು ಸಲ ಪತ್ರ ಬರೆದೆ, ಉತ್ತರ ಬರಲಿಲ್ಲ. ನನ್ನ ತಪ್ಪನ್ನು ನಾನು ಒಂದು ಹಾಳೆಯಲ್ಲಿ ಬರೆದು ಮುಗಿಸಿದ್ದೆ, ಅದನ್ನು ಅಕ್ಕ ಮೂರು ತಿಂಗಳು ಎರಡು ಹೊತ್ತು ಗುಡಿಸಬೇಕಾಗಿ ಬಂತು. ಇದು ನನಗೆ ಇವತ್ತಿಗೂ ಚುಚ್ಚುತ್ತದೆ. ಕೈಗವಸು, ಬೂಟು, ಉದ್ದ ಹಿಡಿಕೆಯ ಪೊರಕೆ ತಂದುಕೊಟ್ಟೆ. ಬೂಟು ಕಚ್ಚುತ್ತದೆಂದು ಅವರು ಹಾಕಿಕೊಳ್ಳಲಿಲ್ಲ.

ನಾನು ಕೇಳಿದ್ದ ಇತರ ಊರುಗಳ ಕೆಲಸ ಆ ವರ್ಷ ಸಿಗಲಿಲ್ಲ. ಅದರಲ್ಲಿ ಆಶ್ಚರ್ಯವೇನಿಲ್ಲ. ನನ್ನ ವಿದ್ಯಾರ್ಥಿನಿ ಮತ್ತೆ ಚಾಮರಾಜನಗರದಲ್ಲಿ ಕೋಣೆ ಹಿಡಿದಳು. ಬೆಳಿಗ್ಗೆ ಐದೂವರೆಗೆ ಅಕ್ಕನ ಜೊತೆ ಕೂತು ಬುಟ್ಟಿ ಆರಿಸುವುದೇ ಅವಳ ಸಮೀಕ್ಷೆಯಾಯಿತು. ಮಾಡೆಲ್ಲಿನಲ್ಲಿ ಮಳೆಗೆ ಮೊದಲಿದ್ದ ತೂಕವನ್ನೇ ವಾಪಸು ಕೊಟ್ಟೆ. ನವೆಂಬರ್ ಕೊನೆಗೆ ಚಿಪ್ಪು ಬೀಳುವುದು ನಿಂತಿತು. ಡಿಸೆಂಬರಿನಲ್ಲಿ ಬಲಿತ ಮರಿಗಳು ಕಚೇರಿಯ ಕಾಂಪೌಂಡಿನ ಮೇಲೆ ರೆಕ್ಕೆ ಬಡಿಯುತ್ತ ಕೂರುತ್ತಿದ್ದವು, ಆಮೇಲೆ ಒಂದೊಂದಾಗಿ ಕೆರೆಯ ಕಡೆ ಹೋದವು.

ಜನವರಿಯಲ್ಲಿ ಮುಖ್ಯಸ್ಥರು ಫೋನ್ ಮಾಡಿ, "ಈಗ ಹೇಳಿ ಮೇಡಂ, ಯಾವಾಗ?" ಎಂದರು. ನಾನು ಹೋಗಿ ಮೂರು ದಿನ ಉಳಿದೆ. ಎಲೆ ತೆಳುವಾಗಿತ್ತು, ಕಣ್ಣಿಗೆ ಕಾಣುವ ಗೂಡುಗಳೆಲ್ಲ ಖಾಲಿ. ಚಿಪ್ಪಿಲ್ಲ, ಸದ್ದಿಲ್ಲ. ಮಾಡೆಲ್ ಸೈ ಎಂದಿತು, ಪಟ್ಟಿಯೂ ಸೈ ಎಂದಿತು. ಮೂರನೆಯ ಬೆಳಿಗ್ಗೆ, ಸೋಮವಾರಕ್ಕೆ ಬನ್ನಿ ಎಂದು ಮೇಸ್ತ್ರಿಗೆ ಹೇಳಿಬಿಡಲು ಫೋನ್ ಕೈಗೆತ್ತಿಕೊಂಡೆ. ಅದಕ್ಕೆ ಮುಂಚೆ ಅಂಗಳದ ಆ ತುದಿಯಲ್ಲಿದ್ದ ಅಕ್ಕನ ಹತ್ತಿರ ಹೋಗಿ ನಿಂತೆ.

"ಎಲ್ಲ ಹಾರಿದಂತಿದೆ ಅಕ್ಕಾ. ಸೋಮವಾರ ಕಡಿಯಬಹುದಾ?"

ಅವರು ಪೊರಕೆಯನ್ನು ಮರಕ್ಕೆ ಒರಗಿಸಿ, ಕಟ್ಟಡದ ತಗಡಿನ ಚಾವಣಿಯ ಮೇಲೆ ಚಾಚಿದ್ದ ಕೊಂಬೆಯ ಕಡೆ ನೋಡಿದರು. ಆ ಕೊಂಬೆಯ ಮೇಲೇನಿದೆ ಎಂದು ಅಂಗಳದಿಂದ ಕಾಣುವುದಿಲ್ಲ, ಅದರಿಂದ ಬಿದ್ದದ್ದು ತಗಡಿನ ಮೇಲೆ ಬಿದ್ದು ಗೋಡೆಯ ಬುಡಕ್ಕೆ ಜಾರುತ್ತದೆ. ನಾವು ಸುಣ್ಣದಲ್ಲಿ ಗುರುತಿಸಿದ ನಾಲ್ಕು ಭಾಗಗಳಿಂದ ಆ ಜಾಗ ಹೊರಗಿತ್ತು. ಅವರು ಅಲ್ಲಿಗೆ ಕರೆದುಕೊಂಡು ಹೋಗಿ ಪೊರಕೆಯ ತುದಿಯಿಂದ ಏನನ್ನೋ ತಿರುವಿ ತೋರಿಸಿದರು. ಕಪ್ಪೆಯ ಎರಡು ಕಾಲು, ಅರ್ಧ ಅರಗಿದ ಮಿಡತೆ, ಇನ್ನೂ ಒದ್ದೆಯಾಗಿತ್ತು. ಮರಿಗೆ ಉಣಿಸುವಾಗ ಬಾಯಿಂದ ಜಾರಿದ ತುತ್ತು.

"ಒಂದ್ ಗೂಡದ ಕಣವ್ವ ಮ್ಯಾಗ. ದಿನಾ ಇಲ್ಲಿ ಬೀಳ್ತದ. ಇನ್ನೊಂದ್ ವಾರ ತಡೀರಿ, ಹಾರ್ಕತವ."

ಅವರು ಹೇಳದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನಗೂ ಗೊತ್ತಾಗುತ್ತಿರಲಿಲ್ಲ.

"ಇನ್ನೊಂದು ವಾರ ಎರಡೆರಡು ಸಲ ನೀವೇ ಗುಡಿಸಬೇಕಾಗುತ್ತದಲ್ಲ ಅಕ್ಕಾ," ಎಂದೆ.

"ಗೊತ್ತು ಕಣವ್ವ. ಕಣ್ಣಲ್ಲಿ ನೋಡ್ಬುಟ್ಟು ಇಲ್ಲ ಅನ್ನಕಾದದಾ?"

ಅಷ್ಟು ಹೇಳಿ ಅವರು ಆ ಕಪ್ಪೆಯ ಕಾಲುಗಳನ್ನೂ ಬುಟ್ಟಿಗೆ ಗುಡಿಸಿಕೊಂಡರು. ನಾನು ಮೇಸ್ತ್ರಿಗೆ ಫೋನ್ ಮಾಡಿ, ಈ ಸೋಮವಾರ ಬೇಡ, ಮುಂದಿನ ಸೋಮವಾರ ಬನ್ನಿ ಎಂದೆ.